ಬಿಳಿ ಬಾಲದ ಮರಿ ಸುತ್ತುತ್ತಿದೆ: ಇದು ವಂಶದ ದೋಷವೇ, ಬಳ್ಳಾರಿಯ ಬಿಸಿಲಿನ ದೋಷವೇ?

ಗುಡ್ಡದ ನೆರಳು, ಬಳ್ಳಾರಿ | ಜೂನ್ 9

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಮೂರು ವರ್ಷಗಳಿಂದ ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಮೈಯ ಹಲ್ಲಿಗಳನ್ನು ಸಾಕುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಮೊದಲ ಬಾರಿಗೆ ಒಂದು ಗಂಡನ್ನು ಹೆಣ್ಣಿನ ಜೊತೆಗೆ ಬಿಟ್ಟೆ. ಜನವರಿ 18ರಂದು ಇಟ್ಟ ಎರಡು ಮೊಟ್ಟೆಗಳಿಂದ ಮಾರ್ಚ್ 17ರಂದು ಬಂದ ಮರಿಗಳೆರಡೂ ಚೆನ್ನಾಗಿಯೇ ತಿಂದು ಬೆಳೆದವು. ಮೇ ತಿಂಗಳ ಮೊದಲ ವಾರದಲ್ಲಿ ಒಂದನ್ನು ಸಿಂಧನೂರಿನವರಿಗೂ ಇನ್ನೊಂದನ್ನು ಹೊಸಪೇಟೆಯವರಿಗೂ ಕೊಟ್ಟೆ. ನನ್ನ ಚಿಂತೆ ಏಪ್ರಿಲ್ 12ರಂದು ಇಟ್ಟು ಮೇ 24ರಂದು ಒಡೆದ ಎರಡನೆಯ ಜೋಡಿ ಮೊಟ್ಟೆಗಳದ್ದು.

ಆ ಎರಡು ಮರಿಗಳಲ್ಲಿ ಒಂದಕ್ಕೆ ಬಾಲದ ತುದಿಯ ಬಳಿ ಎರಡು ಕಡೆ ಸೊಟ್ಟ ಇದೆ. ಉಳಿದಂತೆ ಅದು ಚುರುಕಾಗಿದೆ. ಇನ್ನೊಂದರ ಬಾಲ ನೆಟ್ಟಗಿದೆ, ಆದರೆ ಪೊರೆ ಕಳಚಿ ಮೊದಲ ಆಹಾರ ತಿನ್ನುವ ದಿನದಿಂದಲೇ ಅದು ತಲೆಯನ್ನು ಬಲಕ್ಕೆ ವಾಲಿಸಿಕೊಂಡು, ಗಾಬರಿಯಾದಾಗ ಒಂದೇ ದಿಕ್ಕಿನಲ್ಲಿ ನಾಲ್ಕೈದು ಸುತ್ತು ಸುತ್ತುತ್ತದೆ. ಹುಳುವನ್ನು ಮುಂದಿಟ್ಟರೆ ಒಂದು ಬೆರಳಿನಷ್ಟು ಪಕ್ಕಕ್ಕೆ ಬಾಯಿ ಹಾಕುತ್ತದೆ. ಕೆಲವೊಮ್ಮೆ ಕತ್ತನ್ನು ಪೂರ್ತಿ ಮೇಲೆತ್ತಿ ಮುಚ್ಚಳವನ್ನೇ ನೋಡುತ್ತಾ ನಿಂತುಬಿಡುತ್ತದೆ.

ಮೊಟ್ಟೆಗಳನ್ನು ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಖನಿಜದ ಹರಳು) ತುಂಬಿದ ಡಬ್ಬಿಯಲ್ಲಿ ಹಾಕಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ. ಕಾವುಪೆಟ್ಟಿಗೆ ಇರಲಿಲ್ಲ. ಜನವರಿಯಲ್ಲಿ ಆ ಗೂಡು 27 ಡಿಗ್ರಿಯ ಆಸುಪಾಸಿನಲ್ಲಿತ್ತು. ಮೇ ತಿಂಗಳಲ್ಲಿ ಹೊರಗೆ 41 ದಾಟಿದ ದಿನಗಳಲ್ಲಿ, ಮಧ್ಯಾಹ್ನ ಕರೆಂಟ್ ಹೋಗಿ ಕೂಲರ್ ನಿಂತಾಗ, ಡಬ್ಬಿಯೊಳಗೆ 36 ಡಿಗ್ರಿ ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಇದು ಬಿಸಿಲಿನಿಂದ ಆದದ್ದೋ, ವಂಶದಿಂದ ಬಂದದ್ದೋ? ಇದೇ ಜೋಡಿಯನ್ನು ಮತ್ತೆ ಕೂಡಿಸಬಹುದೇ? ಮೊದಲ ಮರಿಗಳನ್ನು ಒಯ್ದವರಿಗೆ ಏನು ಹೇಳಬೇಕು? ಈ ಕೊನೆಯ ಪ್ರಶ್ನೆಯಿಂದಾಗಿ ನಾಲ್ಕು ರಾತ್ರಿಗಳಿಂದ ಸರಿಯಾಗಿ ನಿದ್ದೆ ಬಂದಿಲ್ಲ.

ಪಶುವೈದ್ಯೆ, ರಾಯಚೂರು | ಜೂನ್ 9

ನೀವು ಎರಡು ದೋಷಗಳನ್ನು ಬರೆದು ಒಂದೇ ಕಾರಣ ಹುಡುಕುತ್ತಿದ್ದೀರಿ. ಅವೆರಡನ್ನೂ ಮೊದಲು ಬೇರೆ ಬೇರೆಯಾಗಿ ನೋಡುವುದು ಒಳ್ಳೆಯದು.

ಲೆಪರ್ಡ್ ಗೆಕ್ಕೊ ಮೊಟ್ಟೆಗಳು ಬದುಕುವುದು ಸುಮಾರು 24ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಕಾವಿನಲ್ಲಿ. ಈ ಪ್ರಾಣಿಯಲ್ಲಿ ಗಂಡೋ ಹೆಣ್ಣೋ ಎಂಬುದನ್ನೂ ಕಾವೇ ನಿರ್ಧರಿಸುತ್ತದೆ. 26ರ ಸುಮಾರಿಗೆ ಬಹುತೇಕ ಹೆಣ್ಣು, 32-33ರ ಸುಮಾರಿಗೆ ಹೆಚ್ಚಿನವು ಗಂಡು, 34 ದಾಟಿದರೆ ಮತ್ತೆ ಬಹುತೇಕ ಹೆಣ್ಣು ಹುಟ್ಟುತ್ತವೆ. ಮೇಲಿನ ಮಿತಿಯನ್ನು ಮುಟ್ಟಿ ಮುಟ್ಟಿ ಬಂದ ಮೊಟ್ಟೆಗಳಲ್ಲಿ ಸೊಟ್ಟ ಬಾಲ, ಬೆನ್ನುಮೂಳೆಯ ಡೊಂಕು, ಪೂರ್ತಿಯಾಗಿ ಮೂಡದ ಕಣ್ಣುರೆಪ್ಪೆ ಇವೆಲ್ಲ ಕಾಣಿಸಿಕೊಳ್ಳುತ್ತವೆ. ಕಾವಿನ ಡಬ್ಬಿಯಲ್ಲಿ ತೇವ ಏರುಪೇರಾದರೂ ಬಾಲ ಸೊಟ್ಟಗಾಗಬಹುದು. ಆದ್ದರಿಂದ ಬಾಲದ ವಿಷಯದಲ್ಲಿ ನನ್ನ ಮೊದಲ ಅನುಮಾನ ನಿಮ್ಮ ಗೋಡೆಯ ಗೂಡಿನ ಮೇಲೆಯೇ.

ಸುತ್ತುವ ಮರಿಯ ವಿಷಯ ಬೇರೆ. ಇಂಥ ನರದ ಲಕ್ಷಣಗಳಿಗೆ ವಂಶವಲ್ಲದ ಕಾರಣಗಳೂ ಇವೆ, ಅವುಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆಯೇ ವಂಶದ ಮಾತು ಎತ್ತಬೇಕು. ಈ ಹಲ್ಲಿಗಳ ಮೊಟ್ಟೆಯ ಚಿಪ್ಪು ಚರ್ಮದಂತೆ ಮೆತ್ತಗಿರುವುದರಿಂದ ಮರಿಗೆ ಬೇಕಾದ ಸುಣ್ಣದ ಅಂಶ ಹೆಚ್ಚಾಗಿ ತಾಯಿ ತುಂಬಿಟ್ಟ ಹಳದಿ ಭಾಗದಿಂದಲೇ ಬರಬೇಕು. ತಾಯಿಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ-3 ಕಡಿಮೆಯಾಗಿದ್ದರೆ ಮರಿಯ ದವಡೆ ಮೆತ್ತಗಿರುತ್ತದೆ, ಕಾಲು ಬಾಗುತ್ತದೆ, ಬೆರಳುಗಳು ಅದುರುತ್ತವೆ. ಬರೀ ಸುತ್ತುವುದು ಅದರ ಲಕ್ಷಣವಲ್ಲ. ಕಿವಿಯ ಸೋಂಕು ಮತ್ತು ತಲೆಗೆ ಬಿದ್ದ ಪೆಟ್ಟಿನಿಂದಲೂ ತಲೆ ವಾಲುತ್ತದೆ.

ಇನ್ನು ನಮ್ಮ ಜಿಲ್ಲೆಗಳಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಆಹಾರದ ಹುಳುಗಳನ್ನು ಎಲ್ಲಿಂದ ತರುತ್ತೀರಿ? ಹತ್ತಿ ಮತ್ತು ಮೆಣಸಿನಕಾಯಿ ಹೊಲಗಳ ಬದುವಿನಲ್ಲಿ ಹಿಡಿದ ಮಿಡತೆ, ಜೀರುಂಡೆಗಳ ಮೈಯಲ್ಲಿ ಕೀಟನಾಶಕ ಉಳಿದಿರುತ್ತದೆ. ಹುಳುವಿನ ನರವನ್ನು ಕೆಡಿಸುವ ಔಷಧಿ ಮೂರು ಗ್ರಾಂ ತೂಗುವ ಮರಿಯ ನರವನ್ನೂ ಬಿಡುವುದಿಲ್ಲ. ಸೊಳ್ಳೆಬತ್ತಿ ಹಚ್ಚುವ ಕೋಣೆಯಲ್ಲಿ ಮರಿಗಳನ್ನು ಇಟ್ಟಿದ್ದರೆ ಅದನ್ನೂ ತಿಳಿಸಿ. ತಂದೆ-ತಾಯಿಗಳು ಎಲ್ಲಿಂದ ಬಂದವು, ಅವುಗಳ ಕಣ್ಣು ಮತ್ತು ಮೈಬಣ್ಣ ಹೇಗಿದೆ, ಸುತ್ತುವ ಮರಿಯ ಬಾಲದ ಬಣ್ಣ ಯಾವುದು ಎಂಬುದನ್ನೂ ಬರೆಯಿರಿ.

ಕುರಿಹಟ್ಟಿ, ಕುಷ್ಟಗಿ | ಜೂನ್ 10

ಹಲ್ಲಿಯ ಬಗ್ಗೆ ನನಗೆ ತಿಳಿದದ್ದು ಕಡಿಮೆ, ನನ್ನ ಮಗ ಸಾಕುತ್ತಾನೆಂದು ಇಲ್ಲಿ ಓದುತ್ತೇನೆ. ಆದರೆ ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಬಳ್ಳಾರಿ ಕುರಿಗಳಿವೆ. ಒಂದು ಟಗರನ್ನು ಎರಡು ವರ್ಷಕ್ಕಿಂತ ಹೆಚ್ಚು ಹಿಂಡಿನಲ್ಲಿ ಉಳಿಸಿಕೊಂಡರೆ ಅದು ತನ್ನ ಮಗಳನ್ನೇ ಹಾರುತ್ತದೆ ಎಂದು ನಮ್ಮ ಅಜ್ಜ ದೂರದ ಹಟ್ಟಿಯವರೊಂದಿಗೆ ಟಗರು ಬದಲಿಸಿಕೊಳ್ಳುತ್ತಿದ್ದರು. ಒಮ್ಮೆ ಕೆಳದವಡೆ ಗಿಡ್ಡಾಗಿ ಮೊಲೆ ಹಿಡಿಯಲಾಗದ ಮರಿಗಳು ಒಂದೇ ಟಗರಿನಿಂದ ಎರಡು ಬೇರೆ ಬೇರೆ ತಾಯಿಗಳಿಗೆ ಹುಟ್ಟಿದವು. ಒಂದು ಮರಿ ಕೆಟ್ಟರೆ ಮಳೆ, ಮೇವು, ರೋಗ ಎಂದು ಹೇಳಬಹುದು, ಎರಡು ತಾಯಿಗಳಲ್ಲಿ ಅದೇ ದೋಷ ಬಂದರೆ ತಂದೆಯ ಕಡೆ ನೋಡಬೇಕು ಎಂದು ಅಜ್ಜ ಆ ಟಗರನ್ನು ಹಿಂಡಿನಿಂದ ತೆಗೆದರು. ನಿಮ್ಮ ಗಂಡು ಬೇರೆ ಯಾವುದಾದರೂ ಹೆಣ್ಣಿನಲ್ಲಿ ಮರಿ ಮಾಡಿದೆಯೇ ಎಂದು ವಿಚಾರಿಸಿರಿ.

ಗುಡ್ಡದ ನೆರಳು, ಬಳ್ಳಾರಿ | ಜೂನ್ 10

ಮೇಡಂ, ಅಣ್ಣನವರೇ, ಇಬ್ಬರಿಗೂ ಕೃತಜ್ಞತೆಗಳು. ಒಂದೊಂದಾಗಿ ಉತ್ತರಿಸುತ್ತೇನೆ.

ದೊಡ್ಡ ಹಲ್ಲಿಗಳಿಗೆ ಮನೆಯಲ್ಲೇ ಬೆಳೆಸಿದ ಮೀಲ್‌ವರ್ಮ್ ಹುಳು ಮತ್ತು ಡುಬಿಯಾ ಜಿರಳೆಗಳನ್ನು ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡುತ್ತೇನೆ. ಮರಿಗಳಿಗೂ ಮೊದಲ ವಾರ ಸಣ್ಣ ಮೀಲ್‌ವರ್ಮ್‌ಗಳನ್ನೇ ಕೊಟ್ಟಿದ್ದೆ. ಹೊಲದ ಜೀರುಂಡೆಗಳನ್ನು ಒಮ್ಮೆ ತಂದದ್ದು ನಿಜ, ಆದರೆ ಅದು ಜೂನ್ 2ರಂದು. ಮರಿ ಸುತ್ತುವುದನ್ನು ನಾನು ಮೊದಲು ಕಂಡದ್ದು ಮೇ 28ರಂದು. ಸೊಳ್ಳೆಬತ್ತಿ ಆ ಕೋಣೆಯಲ್ಲಿ ಹಚ್ಚುವುದಿಲ್ಲ. ಮರಿಯ ದವಡೆ ಗಟ್ಟಿಯಾಗಿದೆ, ಬೆರಳು ಅದುರುವುದಿಲ್ಲ, ಎತ್ತರದಿಂದ ಬಿದ್ದಿಲ್ಲ.

ಹೆಣ್ಣು ಸಾಮಾನ್ಯ ಹಳದಿ ಮೈಯ, ಕಪ್ಪು ಚುಕ್ಕೆಯ ಹಲ್ಲಿ. ಗಂಡನ್ನು ಒಬ್ಬ ಮಾರಾಟಗಾರರಿಂದ ಮ್ಯಾಕ್ ಸ್ನೋ ಎಂಬ ಬಣ್ಣದ ಬಗೆಯದು ಎಂಬ ಬಾಯಿಮಾತಿನ ಮೇಲೆ ಕೊಂಡೆ, ಕಾಗದವೇನೂ ಇರಲಿಲ್ಲ. ಅದರ ಕಣ್ಣು ಕೆಂಪು ಬೆರೆತ ಕಿತ್ತಳೆ ಬಣ್ಣದ್ದು, ಮೈಮೇಲೆ ಪಟ್ಟೆಗಳ ಬದಲು ಚೆಲ್ಲಿದ ಸಾಸಿವೆಯಂತೆ ಚುಕ್ಕೆಗಳಿವೆ. ಸುತ್ತುವ ಮರಿಯ ಬಾಲ ಪೂರ್ತಿ ಬಿಳಿ. ಸೊಟ್ಟ ಬಾಲದ ಮರಿಗೆ ಎಲ್ಲ ಸಾಮಾನ್ಯ ಮರಿಗಳಂತೆ ಕಪ್ಪು-ಹಳದಿ ಪಟ್ಟೆಗಳಿವೆ. ಗಂಡನ್ನು ಬೇರೆ ಯಾವ ಹೆಣ್ಣಿನೊಂದಿಗೂ ಬಿಟ್ಟಿಲ್ಲ.

ಇದನ್ನು ಬರೆಯುವಾಗ ಒಂದು ವಿಷಯ ನೆನಪಾಗಿ ಕೈ ನಿಂತಿತು. ಗಂಡು ಹಲ್ಲಿ ಕೂಡ ಬೇಟೆಯಾಡುವಾಗ ಮೊದಲ ಸಲ ಗುರಿ ತಪ್ಪುತ್ತದೆ, ಕೈಗೆ ತೆಗೆದುಕೊಂಡರೆ ಕತ್ತು ವಾಲಿಸುತ್ತದೆ. ಅದನ್ನು ನಾನು ಮೂರು ವರ್ಷ ಅದರ ಸ್ವಭಾವವೆಂದೇ ತಿಳಿದಿದ್ದೆ.

ಬಣ್ಣದ ಬಾಲ, ಬಳ್ಳಾರಿ | ಜೂನ್ 11

ನೀವು ಹೇಳುತ್ತಿರುವುದು ಎನಿಗ್ಮಾ ಮಾರ್ಫ್, ಅಂದರೆ ಬಣ್ಣಕ್ಕಾಗಿ ಆಯ್ದು ಬೆಳೆಸಿದ ಒಂದು ಬಗೆ. ಕೆಂಪು ಕಣ್ಣು, ಚೆದುರಿದ ಚುಕ್ಕೆ, ಹುಟ್ಟುವಾಗ ಬಿಳಿ ಬಾಲ ಇವೆಲ್ಲ ಅದರದೇ ಗುರುತುಗಳು. ಮ್ಯಾಕ್ ಸ್ನೋ ಕೂಡ ಅದರಲ್ಲಿ ಬೆರೆತಿರಬಹುದು.

ನಾನು ಎನಿಗ್ಮಾ ಸಾಕಿದ್ದೇನೆ, ಅದರ ಮರಿಗಳನ್ನೂ ಮಾಡಿದ್ದೇನೆ, ಆದ್ದರಿಂದ ಇನ್ನೊಂದು ಪಕ್ಷವನ್ನೂ ಹೇಳುವುದು ನನ್ನ ಕರ್ತವ್ಯ. ನನ್ನ ಬಳಿ ಇರುವ ಒಂದು ಹೆಣ್ಣು ಏಳು ವರ್ಷಗಳಿಂದ ತಿಂದುಂಡು ಚೆನ್ನಾಗಿದೆ. ಹೊಸ ಜಾಗಕ್ಕೆ ಬದಲಿಸಿದಾಗ ಮಾತ್ರ ಒಂದೆರಡು ದಿನ ತಲೆ ವಾಲಿಸುತ್ತದೆ. ಲಕ್ಷಣ ಇಷ್ಟು ಸೌಮ್ಯವಾಗಿರುವಾಗ, ಸೌಮ್ಯವಾದವುಗಳನ್ನೇ ಆಯ್ದು ಕೂಡಿಸುತ್ತಾ ಹೋದರೆ ಮುಂದಿನ ತಲೆಮಾರುಗಳಲ್ಲಿ ದೋಷ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ. ಬಣ್ಣ ಚೆಂದವಿದೆ, ಕೇಳುವವರಿದ್ದಾರೆ. ಪ್ರಾಣಿ ನರಳದಿದ್ದರೆ ಇಡೀ ವಂಶವನ್ನೇ ನಿಲ್ಲಿಸಬೇಕೆನ್ನುವುದು ನನಗೆ ಅತಿಯಾಗಿ ಕಾಣುತ್ತದೆ.

ಪಶುವೈದ್ಯೆ, ರಾಯಚೂರು | ಜೂನ್ 11

ಬಳ್ಳಾರಿಯವರು ಕೊಟ್ಟ ದಿನಾಂಕಗಳು ಬಹಳ ಉಪಯುಕ್ತವಾದವು. ಜೀರುಂಡೆ ತಿನ್ನಿಸುವುದಕ್ಕೆ ಐದು ದಿನ ಮೊದಲೇ ಮರಿ ಸುತ್ತುತ್ತಿದ್ದರೆ ಕೀಟನಾಶಕದ ಅನುಮಾನ ಬಿದ್ದುಹೋಗುತ್ತದೆ. ಒಂದೇ ಡಬ್ಬಿಯಲ್ಲಿ, ಒಂದೇ ಬಿಸಿಯಲ್ಲಿ ಬೆಂದ ಎರಡು ಮೊಟ್ಟೆಗಳಲ್ಲಿ ಬಿಳಿ ಬಾಲದ್ದು ಮಾತ್ರ ಸುತ್ತುತ್ತಿದೆ, ಮತ್ತು ತಂದೆಯಲ್ಲಿಯೂ ಅದೇ ಲಕ್ಷಣದ ನೆರಳಿದೆ. ನಾನೂ ಎನಿಗ್ಮಾ ಎಂದೇ ಹೇಳುತ್ತೇನೆ.

ಈ ಮಾರ್ಫ್ ಅಮೆರಿಕದ ಸಾಕಣೆದಾರರಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಬಂದು, ಚೆಲುವಿನಿಂದಾಗಿ ಬೇಗ ಹರಡಿತು. ಸುತ್ತುವುದು, ಆಕಾಶ ನೋಡುವುದು, ಗುರಿ ತಪ್ಪುವುದು, ಕೆಲವೊಮ್ಮೆ ಬೆನ್ನಮೇಲೆ ಉರುಳುವುದು ಇವು ಬಣ್ಣದ ಜೊತೆಗೇ ಬರುತ್ತವೆ ಎಂಬುದು ಆಮೇಲೆ ಅರಿವಾಯಿತು. ಇದಕ್ಕೆ ಔಷಧಿಯಿಲ್ಲ.

ಬಣ್ಣದ ಬಾಲದವರೇ, ನಿಮ್ಮ ಹೆಣ್ಣು ಏಳು ವರ್ಷ ಚೆನ್ನಾಗಿರುವುದನ್ನು ನಾನು ಪೂರ್ತಿ ನಂಬುತ್ತೇನೆ, ಅದು ನಿಮ್ಮ ಆರೈಕೆಯ ಫಲ. ಆದರೆ ಸೌಮ್ಯ ಲಕ್ಷಣದ ತಾಯಿಯ ಮರಿಯೂ ಸೌಮ್ಯವಾಗಿಯೇ ಇರುತ್ತದೆ ಎಂಬ ಭರವಸೆ ಈ ದೋಷದಲ್ಲಿಲ್ಲ. ಬಳ್ಳಾರಿಯವರ ಗಂಡನ್ನೇ ನೋಡಿರಿ. ಮೂರು ವರ್ಷ ಸಾಕಿದವರಿಗೂ ಗೊತ್ತಾಗದಷ್ಟು ಸೌಮ್ಯವಾಗಿದ್ದ ತಂದೆಗೆ, ಹುಟ್ಟಿದ ನಾಲ್ಕನೆಯ ದಿನಕ್ಕೇ ಸುತ್ತುವ ಮಗು. ಹೆಬ್ಬಾವುಗಳಲ್ಲಿ ಸ್ಪೈಡರ್ ಎಂಬ ಮಾರ್ಫ್ ಇದೆ, ಅದರಲ್ಲಿಯೂ ತಲೆ ತೂಗಾಡುತ್ತದೆ. ಅದನ್ನು ಬಹಳ ಕಾಲ ಜನ ಅಭ್ಯಾಸವೆಂದೇ ಕರೆದರು. ಆ ಹಾವುಗಳ ಒಳಗಿವಿಯ ರಚನೆಯೇ ವಿರೂಪಗೊಂಡಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಳಗಿವಿ ಕೆಟ್ಟ ಪ್ರಾಣಿಗೆ ಮೇಲು-ಕೆಳಗಿನ ಅರಿವೇ ತಪ್ಪುತ್ತದೆ. ಅದು ನರಳುತ್ತಿದೆಯೋ ಇಲ್ಲವೋ ಎಂದು ಹೊರಗಿನಿಂದ ನಾವು ಹೇಗೆ ಹೇಳುವುದು?

ಬಣ್ಣಕ್ಕಾಗಿ ಆರಿಸಿದ ವಂಶವಾಹಿ ಇನ್ನೇನನ್ನು ಹೊತ್ತು ತರುತ್ತದೆ ಎಂಬುದಕ್ಕೆ ಲೆಪರ್ಡ್ ಗೆಕ್ಕೊಗಳಲ್ಲೇ ಇನ್ನೂ ಕಠಿಣವಾದ ಉದಾಹರಣೆ ಲೆಮನ್ ಫ್ರಾಸ್ಟ್. ಕಣ್ಣು ಕೋರೈಸುವ ನಿಂಬೆಹಳದಿ ಮೈ, ಆದರೆ ಆ ಬಿಳುಪು ಮತ್ತು ಹೊಳಪನ್ನು ಕೊಡುವ ಚರ್ಮದ ಕೋಶಗಳೇ ಮಿತಿಮೀರಿ ಬೆಳೆದು ಗಂಟುಗಳಾಗುತ್ತವೆ. ಈ ಮಾರ್ಫಿನ ಹಲ್ಲಿಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಇಂಥ ಗಡ್ಡೆಗಳಿಗೆ ತುತ್ತಾದವು. 2021ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದನ್ನು ಸ್ಪಿಂಟ್-1 ಎಂಬ ವಂಶವಾಹಿಗೆ ಜೋಡಿಸಿದರು. ಅಲ್ಲಿ ಬಣ್ಣವೂ ಗಡ್ಡೆಯೂ ಒಂದೇ ವಂಶವಾಹಿಯ ಕೆಲಸ. ಎಷ್ಟು ಆಯ್ದು ಕೂಡಿಸಿದರೂ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಸಾಧ್ಯವಾಗಲಿಲ್ಲ. ಎನಿಗ್ಮಾದಲ್ಲಿಯೂ ಇಷ್ಟು ವರ್ಷಗಳ ಪ್ರಯತ್ನದಿಂದ ಯಾರೂ ಬಣ್ಣವನ್ನು ದೋಷದಿಂದ ಬಿಡಿಸಿಲ್ಲ.

ಭತ್ತದ ಗದ್ದೆ, ಗಂಗಾವತಿ | ಜೂನ್ 12

ನಾನು ಬೀಜೋತ್ಪಾದನೆಯ ಕೆಲಸದಲ್ಲಿರುವವನು, ಮನೆಯಲ್ಲಿ ನಾಲ್ಕು ಗೆಕ್ಕೊಗಳಿವೆ. ಮೊದಲ ಮರಿಗಳನ್ನು ಒಯ್ದವರಿಗೆ ಏನು ಹೇಳಬೇಕೆಂಬ ನಿಮ್ಮ ಪ್ರಶ್ನೆಗೆ ಲೆಕ್ಕದಿಂದ ಸ್ವಲ್ಪ ಸಹಾಯವಾಗಬಹುದು.

ಎನಿಗ್ಮಾ ಪ್ರಬಲ ಗುಣ. ತಂದೆಯಲ್ಲಿರುವ ಆ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಸಾಕು, ಪ್ರತಿಯೊಂದು ಮೊಟ್ಟೆಗೂ ಅದು ಬರುವ ಸಾಧ್ಯತೆ ಅರ್ಧ. ಎರಡು ಮೊಟ್ಟೆಯಲ್ಲಿ ಒಂದು ಬಂದೇ ಬರುತ್ತದೆ ಎಂದು ಇದರ ಅರ್ಥವಲ್ಲ. ಪ್ರತಿ ಮೊಟ್ಟೆಗೂ ಹೊಸದಾಗಿ ನಾಣ್ಯ ಚಿಮ್ಮಿದಂತೆ. ಎರಡು ಮೊಟ್ಟೆಗಳಿಗೂ ತಪ್ಪಿಹೋಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಎರಡಕ್ಕೂ ಬರುವ ಸಾಧ್ಯತೆಯೂ ಅಷ್ಟೇ. ಪ್ರಬಲ ಗುಣದಲ್ಲಿ ಒಂದು ಅನುಕೂಲವಿದೆ: ಅದು ಇದ್ದರೆ ಮೈಮೇಲೆ ಕಾಣುತ್ತದೆ. ಸಾಮಾನ್ಯ ಪಟ್ಟೆಗಳೊಂದಿಗೆ ಹುಟ್ಟಿದ ಮರಿ ಅದನ್ನು ಅಡಗಿಸಿಟ್ಟುಕೊಂಡಿರುವುದಿಲ್ಲ. ಆದ್ದರಿಂದ ಮಾರ್ಚ್ ತಿಂಗಳ ಮರಿಗಳ ಬಾಲ ಯಾವ ಬಣ್ಣದ್ದಿತ್ತು ಎಂದು ಹಳೆಯ ಫೋಟೋಗಳಲ್ಲಿ ನೋಡಿರಿ.

ಅಡಗಿ ಕೂರುವ ಗುಣಗಳಲ್ಲಿ ಈ ಅನುಕೂಲವಿಲ್ಲ. ನೋಡಲು ಚೆನ್ನಾಗಿರುವ ಎರಡು ವಾಹಕಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿಯಲ್ಲಿ ದೋಷ ಹೊರಬೀಳುತ್ತದೆ, ಚೆನ್ನಾಗಿ ಕಾಣುವ ಒಡಹುಟ್ಟುಗಳಲ್ಲಿ ಮೂರಕ್ಕೆ ಎರಡು ಅದನ್ನು ಒಳಗೆ ಹೊತ್ತಿರುತ್ತವೆ. ಅಂಥ ಜೋಡಿಯಿಂದ ಎರಡು ಮರಿ ಚೆನ್ನಾಗಿ ಬಂದವು ಎಂದರೆ ಏನೂ ಸಾಬೀತಾದಂತಲ್ಲ. ಸತತವಾಗಿ ಹದಿನಾರು ಮರಿ ಚೆನ್ನಾಗಿ ಬಂದರೆ ಮಾತ್ರ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ನೂರಕ್ಕೆ ಒಂದಕ್ಕೆ ಇಳಿಯುತ್ತದೆ. ಒಂದು ಬಾರಿಗೆ ಎರಡೇ ಮೊಟ್ಟೆ ಇಡುವ ಪ್ರಾಣಿಯಲ್ಲಿ ಅಲ್ಲಿಗೆ ಮುಟ್ಟಲು ಎಂಟು ಬಾರಿ ಮೊಟ್ಟೆ ಬೇಕು. ಇದಕ್ಕಾಗಿಯೇ ಬರೆದಿಡುವ ಪುಸ್ತಕ ಕಾವುಪೆಟ್ಟಿಗೆಯಷ್ಟೇ ಮುಖ್ಯವೆಂದು ನಾನು ತಿಳಿಯುತ್ತೇನೆ. ಬೀಜದ ಚೀಲಕ್ಕೆ ಚೀಟಿಯಿಲ್ಲದಿದ್ದರೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ, ಹಲ್ಲಿಗೆ ಮಾತ್ರ ಬಾಯಿಮಾತು ಸಾಕೆಂದು ಒಪ್ಪಿಕೊಳ್ಳುತ್ತೇವೆ.

ಮೊದಲ ಜೋಡಿ, ಕೊಪ್ಪಳ | ಜೂನ್ 12

ಸರ್, ನಾನು ಪದವಿ ವಿದ್ಯಾರ್ಥಿ. ನನ್ನ ಬಳಿ ಎರಡು ಅಲ್ಬಿನೋ (ಕಪ್ಪು ಬಣ್ಣವಿಲ್ಲದ) ಗೆಕ್ಕೊಗಳಿವೆ, ಎರಡನ್ನೂ ಒಂದೇ ಮನೆಯಿಂದ ತಂದೆ, ಅಣ್ಣ-ತಂಗಿ ಎಂದು ಹೇಳಿದರು. ಮುಂದಿನ ವರ್ಷ ಇವುಗಳನ್ನು ಕೂಡಿಸಬಹುದೇ? ಹೊಸ ರಕ್ತಕ್ಕಾಗಿ ಬೆಟ್ಟದಲ್ಲಿ ಸಿಗುವ ಕಾಡು ಹಲ್ಲಿಯನ್ನು ಹಿಡಿದು ಸೇರಿಸಬಹುದು ಎಂದು ಒಬ್ಬರು ಹೇಳುತ್ತಿದ್ದಾರೆ.

ಭತ್ತದ ಗದ್ದೆ, ಗಂಗಾವತಿ | ಜೂನ್ 12

ತಮ್ಮಾ, ಎರಡನ್ನೂ ಮಾಡಬೇಡ.

ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇದ್ದುದರಿಂದ ವೈದ್ಯರು ರಕ್ತಸಂಬಂಧದ ಮಾತು ಹೇಳುವುದನ್ನು ನೀನೂ ಕೇಳಿರುತ್ತೀಯ. ಆ ಮದುವೆಯ ಮಗುವಿನಲ್ಲಿ ಒಂದೇ ಪೂರ್ವಜರ ಒಂದೇ ವಂಶವಾಹಿ ಎರಡೂ ಕಡೆಯಿಂದ ಬಂದು ಕೂಡುವ ಸಾಧ್ಯತೆ ಎಂಟಕ್ಕೆ ಒಂದು. ಅಣ್ಣ-ತಂಗಿ ಹಲ್ಲಿಗಳನ್ನು ಕೂಡಿಸಿದರೆ ಅದು ನಾಲ್ಕಕ್ಕೆ ಒಂದು, ಅಂದರೆ ಎರಡು ಪಟ್ಟು. ಅಲ್ಬಿನೋ ಗುಣ ತಾನೇ ಅಡಗಿ ಕೂರುವಂಥದ್ದು, ಮತ್ತು ಅದನ್ನು ಹೊರತರಲು ಹಿಂದೆಯೇ ಯಾರೋ ಒಡಹುಟ್ಟುಗಳನ್ನು ಕೂಡಿಸಿರುವ ಸಾಧ್ಯತೆ ಇದೆ. ಇನ್ನೊಂದು ಅಲ್ಬಿನೋ ತರುವುದಾದರೆ ಅದು ಟ್ರೆಂಪರ್, ಬೆಲ್, ರೇನ್‌ವಾಟರ್ ಎಂಬ ಮೂರು ಬೇರೆ ಬೇರೆ ಎಳೆಗಳಲ್ಲಿ ಯಾವುದು ಎಂದು ಕೇಳಿಕೋ. ಎರಡು ಎಳೆಗಳನ್ನು ಬೆರೆಸಿದರೆ ಮರಿಗಳು ಸಾಮಾನ್ಯವಾಗಿಯೇ ಕಾಣುತ್ತವೆ, ಆದರೆ ಎರಡನ್ನೂ ಒಳಗೆ ಹೊತ್ತಿರುತ್ತವೆ. ಮುಂದೆ ಯಾರಿಗೂ ಆ ಗಂಟನ್ನು ಬಿಡಿಸಲಾಗುವುದಿಲ್ಲ. ಸಾಮಾನ್ಯ ಬಣ್ಣದ, ಸಂಬಂಧವಿಲ್ಲದ ಹಲ್ಲಿಯನ್ನು ತಂದರೆ ಎಲ್ಲಕ್ಕಿಂತ ಒಳ್ಳೆಯದು.

ಪಶುವೈದ್ಯೆ, ರಾಯಚೂರು | ಜೂನ್ 12

ಕಾಡಿನ ಹಲ್ಲಿಯ ಬಗ್ಗೆ ನಾನು ಸೇರಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಮ್ಮ ಬೆಟ್ಟಗುಡ್ಡಗಳಿಂದ ಪ್ರಾಣಿಯನ್ನು ಹಿಡಿದು ತಂದು ಸಾಕುವ ಯೋಚನೆಯನ್ನೇ ಬಿಡಬೇಕು. ಅಲ್ಲದೆ ಬಂಡೆಗಳ ಮೇಲೆ ನೀವು ಕಾಣುವ ಹಲ್ಲಿ ಬೇರೆಯೇ ಜಾತಿಯದು, ಅದರಿಂದ ನಿಮ್ಮ ಹಲ್ಲಿಗೆ ಹೊಸ ರಕ್ತ ಬರುವುದಿಲ್ಲ. ವಿದೇಶಿ ಪ್ರಾಣಿಗಳ ವಿಷಯದಲ್ಲಿಯೂ 2022ರ ತಿದ್ದುಪಡಿಯ ನಂತರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (ಸೈಟ್ಸ್) ಪಟ್ಟಿಯಲ್ಲಿರುವ ಜಾತಿಗಳ ಸಾಕಣೆ ಮತ್ತು ಮರಿ ಮಾಡುವುದಕ್ಕೆ ನೋಂದಣಿ, ಪರವಾನಗಿಯ ನಿಯಮಗಳು ಬಂದಿವೆ. ಕೊಳ್ಳುವ ಮೊದಲೇ ನಿಮ್ಮ ಜಾತಿಯ ಸ್ಥಿತಿಯನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಅಲ್ಬಿನೋಗಳ ಕಣ್ಣು ಜೋರು ಬೆಳಕನ್ನು ತಡೆದುಕೊಳ್ಳುವುದಿಲ್ಲ, ನಮ್ಮ ಬಿಸಿಲಿನ ಕಿಟಕಿಯ ಬಳಿ ಅವುಗಳ ಪೆಟ್ಟಿಗೆಯನ್ನು ಇಡಬೇಡಿ.

ಸಿಂಧನೂರಿನ ಓದುಗಿ | ಜೂನ್ 13

ಮಾರ್ಚ್ ತಿಂಗಳ ಆ ಮರಿಯನ್ನು ಒಯ್ದವಳು ನಾನೇ. ನಿನ್ನೆ ರಾತ್ರಿ ಈ ಚರ್ಚೆಯನ್ನು ಮೊದಲಿನಿಂದ ಓದಿದೆ.

ಅದರ ಬಾಲ ಬಿಳಿಯೇ, ಅದನ್ನು ನೋಡಿಯೇ ಆರಿಸಿಕೊಂಡಿದ್ದೆ. ತಂದ ವಾರದಲ್ಲಿ ತಲೆ ಸ್ವಲ್ಪ ವಾಲಿಸುತ್ತಿತ್ತು, ಬಸ್ಸಿನ ಪ್ರಯಾಣದ ಆಯಾಸವೆಂದು ತಿಳಿದೆ. ಈಗಲೂ ಹುಳುವಿಗೆ ಒಂದೆರಡು ಸಲ ಗುರಿ ತಪ್ಪುತ್ತದೆ, ಆದರೆ ತಿನ್ನುತ್ತದೆ, ತೂಕ ಹೆಚ್ಚುತ್ತಿದೆ. ಒಂದೂವರೆ ವರ್ಷ ತುಂಬಿದ ಮೇಲೆ ನನ್ನ ಅಲ್ಬಿನೋ ಗಂಡಿನೊಂದಿಗೆ ಕೂಡಿಸಬೇಕೆಂದಿದ್ದೆ. ಅದರ ಮರಿಯನ್ನು ಕೊಡುವುದಾಗಿ ಮಾನ್ವಿಯ ನನ್ನ ಚಿಕ್ಕಮ್ಮನ ಮಗಳಿಗೆ ಮಾತೂ ಕೊಟ್ಟಿದ್ದೆ. ಬಳ್ಳಾರಿಯ ಅಣ್ಣನವರೇ, ನನಗೆ ಸಿಟ್ಟಿಲ್ಲ. ಆದರೆ ಇದನ್ನು ನಾನಾಗಿ ಓದಿ ತಿಳಿಯುವ ಬದಲು ನಿಮ್ಮ ಬಾಯಿಂದ ಕೇಳಿದ್ದರೆ ಚೆನ್ನಾಗಿತ್ತು. ಮೇಡಂ, ಇದನ್ನು ಹೇಗೆ ನೋಡಿಕೊಳ್ಳಬೇಕು?

ಗುಡ್ಡದ ನೆರಳು, ಬಳ್ಳಾರಿ | ಜೂನ್ 13

ತಂಗಿ, ನೀವು ಹೇಳಿದ್ದು ಸರಿಯಾಗಿದೆ. ಜೂನ್ 9ರಂದೇ ನಿಮಗೆ ಕರೆ ಮಾಡಬೇಕಿತ್ತು. ಖಚಿತವಾಗಲಿ ಎಂದು ಕಾಯುತ್ತಿದ್ದೆ, ಆ ಕಾಯುವಿಕೆಯಲ್ಲಿ ಸ್ವಲ್ಪ ಭಯವೂ ಇತ್ತು. ನೀವು ಕೊಟ್ಟ ಹಣವನ್ನು ಇಂದೇ ಹಿಂತಿರುಗಿಸುತ್ತೇನೆ. ಮರಿಯನ್ನು ಇಟ್ಟುಕೊಳ್ಳುವುದೋ ಮರಳಿಸುವುದೋ ನಿಮ್ಮ ಇಷ್ಟ. ಹೊಸಪೇಟೆಯವರಿಗೆ ಈಗಷ್ಟೇ ಫೋನ್ ಮಾಡಿದೆ. ಅವರದ್ದು ಪಟ್ಟೆ ಬಾಲದ ಮರಿ, ಯಾವ ಲಕ್ಷಣವೂ ಇಲ್ಲವೆಂದರು. ಆದರೂ ತಂದೆ ಯಾವುದೆಂದು ಬರೆದು ಕಳುಹಿಸಿದ್ದೇನೆ.

ಮೇಡಂ, ಇನ್ನೊಂದು ವಿಷಯ. ಗಂಡನ್ನು ಮೇ ಕೊನೆಯಲ್ಲೇ ಬೇರೆ ಮಾಡಿದ್ದರೂ ಹೆಣ್ಣಿನ ಹೊಟ್ಟೆಯಲ್ಲಿ ಮತ್ತೆ ಎರಡು ಮೊಟ್ಟೆಗಳು ಕಾಣುತ್ತಿವೆ. ಇವು ಗೊಡ್ಡು ಮೊಟ್ಟೆಗಳೇ ಇರಬಹುದೇ?

ಪಶುವೈದ್ಯೆ, ರಾಯಚೂರು | ಜೂನ್ 14

ಗೊಡ್ಡು ಎಂದು ನಂಬಬೇಡಿ. ಈ ಹೆಣ್ಣುಗಳು ಗಂಡಿನ ವೀರ್ಯವನ್ನು ಮೈಯಲ್ಲಿ ಉಳಿಸಿಕೊಂಡು ಅದೇ ಋತುವಿನಲ್ಲಿ ಮತ್ತೆ ಮತ್ತೆ ಫಲಿತ ಮೊಟ್ಟೆ ಇಡುತ್ತವೆ. ಬೇರೆ ಮಾಡಿದ ಮೇಲೆ ಬರುವ ಮೊಟ್ಟೆಗಳಿಗೂ ಅದೇ ತಂದೆ. ಮರಿ ಬೇಡವೆಂದರೆ ಇಟ್ಟ ದಿನವೇ ಮೊಟ್ಟೆಯನ್ನು ಫ್ರೀಜರ್‌ನಲ್ಲಿಡಬಹುದು, ಆ ಹಂತದಲ್ಲಿ ಒಳಗೆ ನೋವರಿಯುವ ಜೀವ ಬೆಳೆದಿರುವುದಿಲ್ಲ. ಹುಟ್ಟಿದ ಮರಿಗೆ ಮಾತ್ರ ಇದನ್ನು ಎಂದೂ ಮಾಡಬೇಡಿ. ನಿಧಾನವಾಗಿ ಹೆಪ್ಪುಗಟ್ಟುವುದು ಹಲ್ಲಿಗೂ ನೋವೇ. ತಿನ್ನಲಾಗದೆ ಸೊರಗುವ ಮರಿಯಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ. ಮೊಟ್ಟೆಗಳನ್ನು ಉಳಿಸುವುದಾದರೆ, ಬರುವ ಎಲ್ಲ ಮರಿಗಳನ್ನೂ ಕೊನೆಯವರೆಗೆ ನೀವೇ ಸಾಕುವ ಸಿದ್ಧತೆಯೊಂದಿಗೆ ಉಳಿಸಿರಿ.

ಸಿಂಧನೂರಿನವರೇ, ನಿಮ್ಮ ಹಲ್ಲಿಯ ಪೆಟ್ಟಿಗೆಯಲ್ಲಿ ಎತ್ತರದ ಕಲ್ಲು, ಕೊಂಬೆಗಳನ್ನು ತೆಗೆದುಬಿಡಿ. ವಸ್ತುಗಳ ಜಾಗವನ್ನು ಪದೇಪದೇ ಬದಲಿಸಬೇಡಿ. ಓಡುವ ಹುಳುಗಳ ಬದಲು ಮೀಲ್‌ವರ್ಮ್‌ಗಳನ್ನು ಅಂಚು ತಗ್ಗಾದ ಬಟ್ಟಲಿನಲ್ಲಿ, ಪ್ರತಿದಿನ ಒಂದೇ ಜಾಗದಲ್ಲಿ ಇಡಿ. ಗಾಬರಿಯಾದರೆ ಲಕ್ಷಣ ಹೆಚ್ಚುವುದರಿಂದ ಕೈಗೆತ್ತಿಕೊಳ್ಳುವುದನ್ನು ಕಡಿಮೆ ಮಾಡಿರಿ. ತಿಂಗಳಿಗೆ ಎರಡು ಸಲ ತೂಕ ನೋಡಿ ಬರೆದಿಡಿ. ಮರಿ ಮಾಡಿಸಬೇಡಿ.

ಗುಡ್ಡದ ನೆರಳು, ಬಳ್ಳಾರಿ | ಸೆಪ್ಟೆಂಬರ್ 6

ಮೂರು ತಿಂಗಳ ನಂತರ ನಡೆದುದನ್ನು ತಿಳಿಸುತ್ತಿದ್ದೇನೆ.

ಜೂನ್ 21ರಂದು ಹೆಣ್ಣು ಎರಡು ಮೊಟ್ಟೆ ಇಟ್ಟಿತು. ಫ್ರೀಜರ್ ಬಾಗಿಲು ತೆರೆದು ನಿಂತವನಿಗೆ ಅವನ್ನು ಒಳಗಿಡಲು ಮನಸ್ಸು ಬರಲಿಲ್ಲ. ಇದು ಸರಿಯೋ ತಪ್ಪೋ, ಎರಡು ಹಲ್ಲಿಗಳನ್ನು ಹದಿನೈದು ಇಪ್ಪತ್ತು ವರ್ಷ ಸಾಕುವ ಜವಾಬ್ದಾರಿಯನ್ನು ಒಪ್ಪಿಕೊಂಡೇ ಉಳಿಸಿದೆ. ಥರ್ಮೋಕೋಲ್ ಪೆಟ್ಟಿಗೆ, ಥರ್ಮೋಸ್ಟಾಟ್ ಮತ್ತು ಇನ್ವರ್ಟರ್ ಸಂಪರ್ಕದೊಂದಿಗೆ ಕಾವುಪೆಟ್ಟಿಗೆಯನ್ನು ನಾನೇ ಮಾಡಿದೆ. ಕಾವನ್ನು ಹೆಚ್ಚಿಸುವುದು ಸುಲಭ, ನಮ್ಮೂರಿನಲ್ಲಿ ಇಳಿಸುವುದೇ ಕಷ್ಟ. ಅದಕ್ಕಾಗಿ ಪೆಟ್ಟಿಗೆಯನ್ನು ಕಡಪ ಕಲ್ಲಿನ ನೆಲದ ಮೇಲಿಟ್ಟು, ಬಿಸಿ ಏರಿದ ದಿನ ಸುತ್ತಲೂ ಒದ್ದೆ ಗೋಣಿ ಹೊದಿಸಿದೆ. 54 ದಿನವೂ 27ಕ್ಕಿಂತ ಕೆಳಗೆ ಇಳಿಯದಂತೆ, 29 ದಾಟದಂತೆ ನೋಡಿಕೊಂಡೆ.

ಆಗಸ್ಟ್ 14ರಂದು ಎರಡೂ ಒಡೆದವು. ಎರಡರ ಬಾಲವೂ ಕಡ್ಡಿಯಂತೆ ನೆಟ್ಟಗಿವೆ. ಎರಡರ ಬಾಲವೂ ಬಿಳಿ. ಒಂದು ಆರನೆಯ ದಿನದಿಂದ ಸುತ್ತತೊಡಗಿತು. ಇನ್ನೊಂದು ಇಂದಿಗೂ ಯಾವ ಲಕ್ಷಣವನ್ನೂ ತೋರಿಸಿಲ್ಲ, ನೇರವಾಗಿ ಗುರಿಯಿಟ್ಟು ಹಿಡಿಯುತ್ತದೆ. ಇದನ್ನು ನೋಡಿದ ಗೆಳೆಯರೊಬ್ಬರು ಒಳ್ಳೆಯ ಬೆಲೆಗೆ ಕೇಳಿದರು. ಇದರ ತಂದೆಯೂ ಹೀಗೆಯೇ ಇದ್ದಿರಬೇಕು, ಹೀಗೆಯೇ ಯಾರೋ ಮಾರಿದ್ದರಿಂದಲೇ ನನ್ನ ಮನೆಗೆ ಬಂದಿರಬೇಕು ಎಂದು ಅವರಿಗೆ ಹೇಳಿ ಕಳುಹಿಸಿದೆ.

ಇಲ್ಲಿಯವರೆಗೆ ಆರು ಮರಿಗಳಲ್ಲಿ ನಾಲ್ಕು ಬಿಳಿ ಬಾಲದವು. ಸೊಟ್ಟ ಬಾಲ ಮೇ ತಿಂಗಳ ಬಿಸಿಲಿನಲ್ಲಿ ಬೆಂದ ಒಂದಕ್ಕೆ ಮಾತ್ರ. ಬಣ್ಣದ ಬಾಲದ ಅಣ್ಣ ಕಳೆದ ವಾರ ಮನೆಗೆ ಬಂದು, ಸುತ್ತುವ ಎರಡು ಮರಿಗಳನ್ನು ಅರ್ಧ ಗಂಟೆ ನೋಡುತ್ತಾ ಕುಳಿತಿದ್ದರು.

ಬಣ್ಣದ ಬಾಲ, ಬಳ್ಳಾರಿ | ಸೆಪ್ಟೆಂಬರ್ 6

ಹೌದು, ಬಂದಿದ್ದೆ. ನನ್ನ ಹೆಣ್ಣಿನ ಮರಿಗಳನ್ನು ಒಯ್ದವರ ಹೆಸರುಗಳಲ್ಲಿ ಹನ್ನೊಂದು ನೆನಪಿವೆ. ಆರು ಜನರಿಗೆ ಫೋನ್ ಮಾಡಿದ್ದೇನೆ, ಉಳಿದವರ ಸಂಖ್ಯೆಗಳನ್ನು ಹುಡುಕುತ್ತಿದ್ದೇನೆ. ಮಾತನಾಡಿದ ಆರರಲ್ಲಿ ಇಬ್ಬರ ಹಲ್ಲಿಗಳು ವರ್ಷದೊಳಗೇ ತಿನ್ನಲಾಗದೆ ಸತ್ತಿದ್ದವಂತೆ. ಆಗ ಅವರು ನನಗೆ ತಿಳಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಈ ವರ್ಷದ ಜೋಡಿಯನ್ನು ಬೇರೆ ಮಾಡಿದ್ದೇನೆ.

ಸಿಂಧನೂರಿನ ಓದುಗಿ | ಸೆಪ್ಟೆಂಬರ್ 7

ನನ್ನ ಹಲ್ಲಿ ಈಗ 31 ಗ್ರಾಂ ಇದೆ. ಬಟ್ಟಲನ್ನು ಎಡಮೂಲೆಯಲ್ಲೇ ಇಡುತ್ತೇನೆ, ಮೂರನೆಯ ಪ್ರಯತ್ನಕ್ಕೆ ಹುಳು ಸಿಗುತ್ತದೆ. ಮಾನ್ವಿಯ ತಂಗಿಗೆ ವಿಷಯ ತಿಳಿಸಿದೆ, ಅವಳಿಗೆ ಬೇಸರವಾಯಿತು. ಅಣ್ಣಾ, ನಿಮ್ಮಲ್ಲಿರುವ ಆ ಸೊಟ್ಟ ಬಾಲದ ಪಟ್ಟೆ ಮರಿಯನ್ನು ಬರೀ ಸಾಕುವುದಕ್ಕೆಂದು ಕೊಡುವಿರಾ ಎಂದು ಕೇಳುತ್ತಿದ್ದಾಳೆ.

ಗುಡ್ಡದ ನೆರಳು, ಬಳ್ಳಾರಿ | ಸೆಪ್ಟೆಂಬರ್ 7

ಕೊಡುತ್ತೇನೆ, ತಂಗಿ. ಅದರ ಹುಟ್ಟಿದ ದಿನ, ತಂದೆ-ತಾಯಿಯ ವಿವರ, ಕಾವಿನ ಡಬ್ಬಿಯಲ್ಲಿ 36 ಡಿಗ್ರಿ ಮುಟ್ಟಿದ ದಿನಾಂಕಗಳು, ಇಲ್ಲಿಯವರೆಗಿನ ತೂಕ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯುತ್ತಿದ್ದೇನೆ. ಹಲ್ಲಿಯ ಜೊತೆಗೆ ಆ ಹಾಳೆಯನ್ನೂ ಒಯ್ಯಲು ಅವರಿಗೆ ಹೇಳಿ. ಭಾನುವಾರ ಮನೆಯಲ್ಲಿರುತ್ತೇನೆ.